ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್: ಗೆದ್ದದ್ದೆಲ್ಲಿ, ಎಡವಿದ್ದೆಲ್ಲಿ?

ಪ್ರತಿವರ್ಷ ಮಾರ್ಚ್ 24 ಬಂತೆಂದರೆ ಆರೋಗ್ಯ ಕೇಂದ್ರಗಳ ಎದುರು ಬ್ಯಾನರ್ ಕಟ್ಟಲಾಗುತ್ತದೆ, ಶಾಲಾ ಮಕ್ಕಳ ಜಾಥಾ ನಡೆಯುತ್ತದೆ. ಅಂದು ವಿಶ್ವ ಕ್ಷಯರೋಗ ದಿನ. ಕನ್ನಡ, ತೆಲುಗು, ಮರಾಠಿಯಲ್ಲಿ ಕ್ಷಯ, ಮಲಯಾಳದಲ್ಲಿ ಕ್ಷಯಂ, ತಮಿಳಿನಲ್ಲಿ ಕಾಸನೋಯ್. ಗಡಿಯ ಆಚೆ ಈಚೆ ಭಾಷೆ ಬದಲಾದರೂ ಈ ಕಾಯಿಲೆಯ ಹೆಸರು ಕೇಳದವರಿಲ್ಲ. ಆದರೆ ಮಾರ್ಚ್ 24 ಎಂಬ ದಿನಾಂಕವೇ ಯಾಕೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

1882ರ ಮಾರ್ಚ್ 24ರ ಸಂಜೆ ಜರ್ಮನಿಯ ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯರು ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಜಗತ್ತಿಗೆ ತೋರಿಸಿಕೊಟ್ಟರು. ಆಗ ಅವರ ವಯಸ್ಸು 38. ಎಂಟು ವರ್ಷಗಳ ನಂತರ ಇದೇ ವೈದ್ಯರು ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಪ್ರಕಟಿಸಿದರು. ಸಾವಿರಾರು ರೋಗಿಗಳು ಆ ಮದ್ದಿಗಾಗಿ ಬರ್ಲಿನ್‌ಗೆ ಓಡಿಬಂದರು. ಮದ್ದು ಫಲಿಸಲಿಲ್ಲ. ಒಬ್ಬನೇ ಮನುಷ್ಯನ ಬಾಳಿನಲ್ಲಿ ಇಷ್ಟು ದೊಡ್ಡ ಗೆಲುವೂ ಇಷ್ಟು ದೊಡ್ಡ ಸೋಲೂ ಒಟ್ಟಿಗೆ ಬಂದದ್ದು ಅಪರೂಪ.

ಗಣಿ ಊರಿನ ಹುಡುಗ

ರಾಬರ್ಟ್ ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಹಾರ್ಟ್ಸ್ ಬೆಟ್ಟಸೀಮೆಯ ಕ್ಲಾಸ್ತಾಲ್ ಎಂಬ ಗಣಿ ಊರಿನಲ್ಲಿ. ತಂದೆ ಗಣಿ ಇಲಾಖೆಯ ಅಧಿಕಾರಿ. ಮನೆ ತುಂಬ ಮಕ್ಕಳು, ಒಟ್ಟು ಹದಿಮೂರು ಮಂದಿ. ಹುಡುಗ ಶಾಲೆಗೆ ಸೇರುವ ಮೊದಲೇ ಪತ್ರಿಕೆ ನೋಡಿ ನೋಡಿ ತಾನಾಗಿಯೇ ಓದಲು ಕಲಿತಿದ್ದನೆಂದು ಹೇಳುತ್ತಾರೆ.

1862ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಿ, 1866ರಲ್ಲಿ ವೈದ್ಯ ಪದವಿ ಪಡೆದರು. ಅಲ್ಲಿ ಅವರ ಗುರುಗಳಲ್ಲಿ ಒಬ್ಬರಾದ ಯಾಕೋಬ್ ಹೆನ್ಲೆ, ಅಂಟುರೋಗಗಳಿಗೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣ ಎಂದು 1840ರಲ್ಲೇ ಬರೆದಿದ್ದವರು. ಆಗ ಅದನ್ನು ನಂಬಿದವರು ಕಡಿಮೆ. ಕೆಟ್ಟ ಗಾಳಿ, ಮೈಯ ದೋಷ, ವಂಶದ ದೋಷ ಎಂದೇ ಹೆಚ್ಚಿನ ವೈದ್ಯರು ಹೇಳುತ್ತಿದ್ದರು.

1867ರಲ್ಲಿ ಎಮ್ಮಿ ಫ್ರಾಟ್ಸ್ ಅವರನ್ನು ಮದುವೆಯಾದರು. ಮರುವರ್ಷ ಮಗಳು ಗೆರ್ಟ್ರೂಡ್ ಹುಟ್ಟಿದಳು. ಸಂಸಾರ ಸಾಗಿಸಲು ಊರಿಂದೂರಿಗೆ ಅಲೆದರು. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾದಾಗ ಸೈನ್ಯದಲ್ಲಿ ವೈದ್ಯರಾಗಿ ದುಡಿದರು. 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣಕ್ಕೆ ಸರ್ಕಾರಿ ಜಿಲ್ಲಾ ವೈದ್ಯರಾಗಿ ಬಂದರು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ಒಂದು ವಿಶೇಷವೆಂದರೆ ಅದೂ ಗಡಿನಾಡೇ. ಜರ್ಮನ್ ಮತ್ತು ಪೋಲಿಷ್ ಎರಡೂ ಭಾಷೆ ಆಡುವ ಜನ ಅಲ್ಲಿದ್ದರು.

ಪರದೆಯ ಹಿಂದಿನ ಪ್ರಯೋಗಾಲಯ

ವೋಲ್‌ಸ್ಟೈನ್‌ನಲ್ಲಿ ಕಾಲೇಜು ಇರಲಿಲ್ಲ, ಗ್ರಂಥಾಲಯ ಇರಲಿಲ್ಲ. ರೋಗಿಗಳನ್ನು ನೋಡುವ ಕೋಣೆಗೆ ಅಡ್ಡ ಪರದೆ ಕಟ್ಟಿ, ಅದರ ಹಿಂದೆ ಕಾಕ್ ತಮ್ಮ ಪ್ರಯೋಗಾಲಯ ಮಾಡಿಕೊಂಡರು. ಇದ್ದ ದೊಡ್ಡ ಸೊತ್ತೆಂದರೆ ಒಂದು ಸೂಕ್ಷ್ಮದರ್ಶಕ. ಅದು ಅವರ ಹುಟ್ಟುಹಬ್ಬಕ್ಕೆ ಹೆಂಡತಿ ಎಮ್ಮಿ ಕೊಟ್ಟ ಉಡುಗೊರೆ ಎಂದು ಪ್ರತೀತಿ.

ಆ ಸೀಮೆಯಲ್ಲಿ ದನ, ಕುರಿಗಳಿಗೆ ನೆರಡಿ ರೋಗದ ಕಾಟ. ಇಂಗ್ಲಿಷಿನಲ್ಲಿ ಇದಕ್ಕೆ ಆಂಥ್ರಾಕ್ಸ್ ಎನ್ನುತ್ತಾರೆ. ಬೆಳಗ್ಗೆ ಮೇಯಲು ಹೋದ ಕುರಿ ಸಂಜೆಗೆ ಸತ್ತು ಬೀಳುತ್ತಿತ್ತು. ಸತ್ತ ಪ್ರಾಣಿಗಳ ರಕ್ತದಲ್ಲಿ ಕಡ್ಡಿಯಂಥ ಜೀವಿಗಳನ್ನು ಬೇರೆ ವೈದ್ಯರೂ ಕಂಡಿದ್ದರು. ಆದರೆ ಅದೇ ರೋಗಕ್ಕೆ ಕಾರಣವೆಂದು ಯಾರೂ ಗಟ್ಟಿಯಾಗಿ ತೋರಿಸಿರಲಿಲ್ಲ. ಒಂದು ಸಲ ರೋಗ ಬಂದ ಹುಲ್ಲುಗಾವಲಿನಲ್ಲಿ ವರ್ಷಗಳ ನಂತರವೂ ದನಗಳು ಸಾಯುವುದು ಯಾಕೆ ಎಂಬುದಕ್ಕೂ ಉತ್ತರ ಇರಲಿಲ್ಲ.

ಕಾಕ್ ಸತ್ತ ಪ್ರಾಣಿಯ ರಕ್ತವನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಎತ್ತಿನ ಕಣ್ಣಿನೊಳಗಿನ ತಿಳಿನೀರಿನಲ್ಲಿ ಆ ಜೀವಿಗಳನ್ನು ಬೆಳೆಸಿ ಗಂಟೆಗಟ್ಟಲೆ ನೋಡುತ್ತ ಕುಳಿತರು. ಕಡ್ಡಿಗಳು ದಾರದಂತೆ ಉದ್ದವಾಗಿ, ಅವುಗಳೊಳಗೆ ಮಣಿಗಳಂಥ ಬೀಜಕಗಳು ಮೂಡುವುದನ್ನು ಕಂಡರು. ಈ ಬೀಜಕಗಳೇ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಸಾಯದೆ ಉಳಿಯುತ್ತಿದ್ದವು. ಹುಲ್ಲುಗಾವಲಿನ ಗುಟ್ಟು ಬಯಲಾಯಿತು. 1876ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫರ್ಡಿನಾಂಡ್ ಕೋನ್ ಅವರ ಮುಂದೆ ಇದನ್ನೆಲ್ಲ ಮಾಡಿ ತೋರಿಸಿದರು. ಹೆಸರಿಲ್ಲದ ಹಳ್ಳಿ ವೈದ್ಯರ ಹೆಸರು ಒಮ್ಮೆಲೇ ಯುರೋಪಿನಾದ್ಯಂತ ಕೇಳಿಬಂತು. 1880ರಲ್ಲಿ ಸರ್ಕಾರ ಅವರನ್ನು ಬರ್ಲಿನ್ನಿನ ಆರೋಗ್ಯ ಕಚೇರಿಗೆ ಕರೆಸಿಕೊಂಡಿತು.

ಅಡುಗೆ ಮನೆಯಿಂದ ಬಂದ ಉಪಾಯ

ಬರ್ಲಿನ್ನಿನಲ್ಲಿ ಕಾಕ್ ಕೈಗೆತ್ತಿಕೊಂಡ ಮೊದಲ ಕೆಲಸ, ಒಂದೊಂದು ಬಗೆಯ ರೋಗಾಣುವನ್ನು ಬೇರೆ ಬೇರೆಯಾಗಿ ಬೆಳೆಸುವುದು. ಸಾರಿನಂಥ ದ್ರವದಲ್ಲಿ ಎಲ್ಲ ಜೀವಿಗಳೂ ಕಲಸಿಹೋಗುತ್ತಿದ್ದವು. ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಒಂದೊಂದು ಬಗೆಯ ಜೀವಿಯೂ ಒಂದೊಂದು ಚುಕ್ಕೆಯಾಗಿ ಬೆಳೆಯುವುದನ್ನು ಅವರು ಗಮನಿಸಿದರು. ಆಮೇಲೆ ಜೆಲಾಟಿನ್ ಬಳಸಿದರು. ಅದು ಬಿಸಿಗೆ ಕರಗುತ್ತಿತ್ತು.

ಅವರ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬವರ ಹೆಂಡತಿ ಫ್ಯಾನಿ ಹೆಸ್ಸೆ ಇದಕ್ಕೆ ಪರಿಹಾರ ಸೂಚಿಸಿದರು. ಅವರು ಅಡುಗೆಯಲ್ಲಿ ಸಿಹಿತಿಂಡಿ ಗಟ್ಟಿಯಾಗಲು ಕಡಲಪಾಚಿಯಿಂದ ತೆಗೆದ ಅಗರ್ ಬಳಸುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಇದೇ. ಬೇಸಿಗೆಯ ಸೆಕೆಗೂ ಅದು ಕರಗುವುದಿಲ್ಲ. 1887ರಲ್ಲಿ ಕಾಕ್ ಅವರ ಸಹಾಯಕ ಯೂಲಿಯುಸ್ ಪೆಟ್ರಿ ಮುಚ್ಚಳವಿರುವ ಗಾಜಿನ ತಟ್ಟೆಯನ್ನು ಬಳಕೆಗೆ ತಂದರು. ಅಗರ್ ಹಾಕಿದ ಪೆಟ್ರಿ ತಟ್ಟೆ ಇಂದಿಗೂ ಎಲ್ಲ ಆಸ್ಪತ್ರೆ ಲ್ಯಾಬ್‌ಗಳಲ್ಲಿದೆ.

ಮಾರ್ಚ್ 24ರ ಸಂಜೆ

1881ರ ಆಗಸ್ಟ್‌ನಲ್ಲಿ ಕಾಕ್ ಕ್ಷಯದ ಬೆನ್ನು ಹತ್ತಿದರು. ಆ ಕಾಲದಲ್ಲಿ ಸಾಯುವ ಏಳು ಮಂದಿಯಲ್ಲಿ ಒಬ್ಬರು ಕ್ಷಯದಿಂದಲೇ ಸಾಯುತ್ತಾರೆ ಎಂದು ಅವರ ಲೆಕ್ಕ. ಕ್ಷಯ ಒಂದು ಮೈಯಿಂದ ಇನ್ನೊಂದು ಮೈಗೆ ಅಂಟುತ್ತದೆ ಎಂದು ಫ್ರಾನ್ಸ್‌ನ ಸೇನಾ ವೈದ್ಯ ವಿಲ್‌ಮಾ 1865ರಲ್ಲೇ ಮೊಲಗಳ ಮೇಲೆ ತೋರಿಸಿದ್ದರು. ಆದರೂ ಅದು ವಂಶಪಾರಂಪರ್ಯದ ರೋಗ ಎಂಬ ನಂಬಿಕೆ ಹೋಗಿರಲಿಲ್ಲ.

ಕ್ಷಯದ ರೋಗಾಣುವಿನ ಮೈಮೇಲೆ ಮೇಣದಂಥ ಹೊದಿಕೆ. ಹೀಗಾಗಿ ಸಾಮಾನ್ಯ ಬಣ್ಣ ಅದಕ್ಕೆ ಹಿಡಿಯುವುದಿಲ್ಲ. ಕಾಕ್ ನೀಲಿ ಬಣ್ಣಕ್ಕೆ ಕ್ಷಾರ ಸೇರಿಸಿ ಹಲವು ಗಂಟೆ ನೆನೆಸಿಟ್ಟು, ಕೊನೆಗೂ ಸಣ್ಣ ನೀಲಿ ಕಡ್ಡಿಗಳನ್ನು ಕಂಡರು. ಬೆಳೆಸುವುದು ಇನ್ನೂ ಕಷ್ಟ. ಬೇರೆ ರೋಗಾಣುಗಳು ಒಂದೆರಡು ದಿನದಲ್ಲಿ ಬೆಳೆದರೆ ಇದು ಎರಡನೇ ವಾರದವರೆಗೂ ಕಣ್ಣಿಗೆ ಬೀಳುವುದಿಲ್ಲ. ಏನೂ ಬೆಳೆಯಲಿಲ್ಲವೆಂದು ಬೇರೆಯವರಾಗಿದ್ದರೆ ಕೊಳವೆಗಳನ್ನು ತೊಳೆದಿಡುತ್ತಿದ್ದರೋ ಏನೋ. ಕಾಕ್ ಕಾದರು. ಬಿಸಿ ಮಾಡಿ ಗಟ್ಟಿಯಾಗಿಸಿದ ರಕ್ತದ ಸೀರಮ್ ಮೇಲೆ ಒಣ ಹುಡಿಯಂಥ ಚುಕ್ಕೆಗಳು ಮೂಡಿದವು. ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ ಅವುಗಳಿಗೆ ಕ್ಷಯ ಬಂತು. ಅವುಗಳ ಮೈಯಿಂದ ಮತ್ತೆ ಅದೇ ರೋಗಾಣು ಸಿಕ್ಕಿತು.

ಬರ್ಲಿನ್ನಿನ ಶರೀರಶಾಸ್ತ್ರ ಸಂಘದ ಸಭೆ ನಡೆದದ್ದು ಒಂದು ಸಣ್ಣ ಓದುಕೋಣೆಯಲ್ಲಿ. ಕಾಕ್ ಒಳ್ಳೆಯ ಮಾತುಗಾರರಲ್ಲ. ತಡವರಿಸುತ್ತ, ನಿಧಾನವಾಗಿ ಹೇಳಿದರು. ಆದರೆ ಜೊತೆಗೆ ಇನ್ನೂರಕ್ಕೂ ಮಿಕ್ಕಿ ಮಾದರಿಗಳನ್ನು ತಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಮಾತು ಮುಗಿದಾಗ ಚಪ್ಪಾಳೆ ಇಲ್ಲ, ಪ್ರಶ್ನೆ ಇಲ್ಲ. ಕೇಳಿದವರು ಮೌನವಾಗಿ ಎದ್ದುಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರು. ಅಲ್ಲಿದ್ದ ಪೌಲ್ ಎರ್ಲಿಶ್ ಎಂಬ ತರುಣ ವೈದ್ಯರು ಬಣ್ಣ ಹಿಡಿಸುವ ವಿಧಾನವನ್ನು ಕೂಡಲೇ ಇನ್ನಷ್ಟು ಸುಲಭ ಮಾಡಿದರು. ಕಫ ಪರೀಕ್ಷೆಯಿಂದ ಕ್ಷಯ ಪತ್ತೆ ಹಚ್ಚುವ ಪದ್ಧತಿ ಇಲ್ಲಿಂದ ಶುರುವಾಯಿತು.

ಕಲ್ಕತ್ತದ ಕೆರೆ

1883ರಲ್ಲಿ ಈಜಿಪ್ಟ್‌ನಲ್ಲಿ ಕಾಲರಾ ಹಬ್ಬಿತು. ಜರ್ಮನಿ ಕಾಕ್ ಅವರ ತಂಡವನ್ನು ಕಳಿಸಿತು. ಫ್ರಾನ್ಸ್‌ನಿಂದ ಲೂಯಿ ಪ್ಯಾಶ್ಚರ್ ಅವರ ಶಿಷ್ಯರೂ ಬಂದರು. ಎರಡು ದೇಶಗಳ ನಡುವೆ ಯುದ್ಧದ ಕಹಿ ಇನ್ನೂ ಆರಿರಲಿಲ್ಲ. ಆದರೆ ಫ್ರೆಂಚ್ ತಂಡದ ತರುಣ ವಿಜ್ಞಾನಿ ಲೂಯಿ ತುಯಿಲಿಯೆ ಅಲ್ಲೇ ಕಾಲರಾಕ್ಕೆ ಬಲಿಯಾದಾಗ, ಶವಯಾತ್ರೆಯಲ್ಲಿ ಕಾಕ್ ಹೆಗಲು ಕೊಟ್ಟರು.

ಅಲ್ಲಿಂದ ಕಾಕ್ ಕಲ್ಕತ್ತಕ್ಕೆ ಬಂದರು. 1884ರ ಆರಂಭದಲ್ಲಿ ಅಲ್ಪವಿರಾಮದಂತೆ ಬಾಗಿದ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಊರವರು ಕುಡಿಯಲು, ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸುತ್ತಿದ್ದ ಕೆರೆಯೊಂದರ ನೀರಿನಲ್ಲೂ ಅದು ಸಿಕ್ಕಿತು. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲೇ ಈ ಜೀವಿಯನ್ನು ಕಂಡು ಬರೆದಿದ್ದರು. ಯಾರೂ ಗಮನ ಕೊಟ್ಟಿರಲಿಲ್ಲ. ಕಾಕ್ ಊರಿಗೆ ಮರಳಿದಾಗ ಯುದ್ಧ ಗೆದ್ದ ಸೇನಾಪತಿಗೆ ಸಿಗುವಂಥ ಸ್ವಾಗತ ಸಿಕ್ಕಿತು. ಸರ್ಕಾರ ಒಂದು ಲಕ್ಷ ಮಾರ್ಕ್ ಬಹುಮಾನ ಕೊಟ್ಟಿತು.

ಅವಸರದ ಮದ್ದು

ರೋಗಾಣು ಸಿಕ್ಕಿತು ನಿಜ. ಆದರೆ ರೋಗಿಗಳಿಗೆ ಬೇಕಾದದ್ದು ಮದ್ದು. ಇತ್ತ ಪ್ಯಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟು ಜಗತ್ತಿನ ಮೆಚ್ಚುಗೆ ಗಳಿಸಿದ್ದರು. ಜರ್ಮನಿಯೂ ಏನಾದರೂ ದೊಡ್ಡದು ತೋರಿಸಬೇಕೆಂಬ ಒತ್ತಡ ಕಾಕ್ ಮೇಲಿತ್ತು. 1890ರ ಆಗಸ್ಟ್‌ನಲ್ಲಿ ಬರ್ಲಿನ್ನಿನಲ್ಲಿ ಅಂತಾರಾಷ್ಟ್ರೀಯ ವೈದ್ಯ ಸಮ್ಮೇಳನ. ಅಲ್ಲಿ ಕಾಕ್, ಕ್ಷಯದ ರೋಗಾಣು ಬೆಳೆಯದಂತೆ ತಡೆಯುವ ವಸ್ತುವೊಂದು ತಮಗೆ ಸಿಕ್ಕಿದೆ, ಗಿನಿಪಿಗ್‌ಗಳಲ್ಲಿ ಫಲ ಕಂಡಿದೆ ಎಂದು ತಿಳಿಸಿದರು. ನವೆಂಬರ್‌ನಲ್ಲಿ ಮನುಷ್ಯರಿಗೂ ಕೊಟ್ಟದ್ದಾಗಿ ಬರೆದರು. ಅದರಲ್ಲಿ ಏನಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಗುಟ್ಟಿನ ಮದ್ದು!

ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ರೈಲುಗಳ ತುಂಬ ಕೆಮ್ಮುವ ರೋಗಿಗಳು ಬರ್ಲಿನ್‌ಗೆ ಬಂದರು. ಹೋಟೆಲು, ಛತ್ರಗಳಲ್ಲಿ ಜಾಗ ಇರಲಿಲ್ಲ. ಬ್ರಿಟನ್‌ನಿಂದ ಬಂದ ವೈದ್ಯರಲ್ಲಿ ಷರ್ಲಾಕ್ ಹೋಮ್ಸ್ ಕತೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಕೂಡ ಒಬ್ಬರು. ಪ್ರಾತ್ಯಕ್ಷಿಕೆಗೆ ಅವರಿಗೆ ಪ್ರವೇಶ ಸಿಗಲಿಲ್ಲ. ಒಳಗೆ ಹೋಗಿದ್ದ ಅಮೆರಿಕದ ವೈದ್ಯರೊಬ್ಬರ ಟಿಪ್ಪಣಿ ಓದಿ, ರೋಗಿಗಳನ್ನು ನೋಡಿ, ಈ ಮದ್ದು ರೋಗಾಣುವನ್ನು ಕೊಲ್ಲುವುದಿಲ್ಲ, ಜನ ಅವಸರಪಟ್ಟು ನಂಬಬಾರದು ಎಂದು ಪತ್ರಿಕೆಗೆ ಬರೆದರು. ಆ ಹೊತ್ತಿಗೆ ಹಾಗೆ ಬರೆಯಲು ಧೈರ್ಯ ಬೇಕಿತ್ತು.

ಕಾಕ್ ಆ ಮದ್ದನ್ನು ಮೊದಲು ತಮ್ಮ ಕೈಗೇ ಚುಚ್ಚಿಕೊಂಡಿದ್ದರು. ನಡುಕ, ವಾಂತಿ, ಉಸಿರಾಟದ ಕಷ್ಟ, ಸುಡುವ ಜ್ವರ ಬಂದಿತ್ತು. ಚರ್ಮದ ಕ್ಷಯ ಇದ್ದವರಲ್ಲಿ ಹುಣ್ಣಿನ ಹೊಪ್ಪಳೆ ಉದುರಿ ವಾಸಿಯಾದಂತೆ ಕಾಣುತ್ತಿತ್ತು. ಶ್ವಾಸಕೋಶದ ಕ್ಷಯದಲ್ಲಿ ಆದದ್ದೇ ಬೇರೆ. 1891ರ ಜನವರಿಯಲ್ಲಿ ಹಿರಿಯ ವೈದ್ಯ ರುಡಾಲ್ಫ್ ವಿರ್ಕೊವ್, ಈ ಚುಚ್ಚುಮದ್ದು ಪಡೆದು ಸತ್ತವರ ಶವಪರೀಕ್ಷೆಯ ವಿವರ ಮುಂದಿಟ್ಟರು. ರೋಗಾಣು ಸತ್ತಿರಲಿಲ್ಲ. ಕೆಲವರಲ್ಲಿ ಹೊಸ ಜಾಗಗಳಿಗೂ ಹರಡಿತ್ತು. ಸರ್ಕಾರದ ವರದಿಯಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ರೋಗಿಗಳ ಲೆಕ್ಕವಿತ್ತು. ಪೂರ್ತಿ ಗುಣವಾದವರು ನೂರಕ್ಕೆ ಇಬ್ಬರೂ ಇರಲಿಲ್ಲ.

ಅದೇ ಜನವರಿಯಲ್ಲಿ ಕಾಕ್ ಗುಟ್ಟು ಬಿಟ್ಟುಕೊಟ್ಟರು. ಕ್ಷಯದ ರೋಗಾಣುಗಳನ್ನು ಬೆಳೆಸಿ, ಗ್ಲಿಸರಿನ್ ಸೇರಿಸಿ ತೆಗೆದ ಸಾರ ಅದು. ಟ್ಯುಬರ್‌ಕ್ಯುಲಿನ್ ಎಂದು ಅದರ ಹೆಸರು. ಗುಣವಾದ ಗಿನಿಪಿಗ್‌ಗಳನ್ನು ತೋರಿಸಿ ಎಂದು ಕೇಳಿದವರಿಗೆ ತೃಪ್ತಿಕರ ಉತ್ತರ ಬರಲಿಲ್ಲ. ಮದ್ದಿನ ತಯಾರಿಕೆ, ಲಾಭದ ವಿಷಯದಲ್ಲಿ ಸರ್ಕಾರದೊಂದಿಗೆ ನಡೆಸಿದ ಹಣದ ಮಾತುಕತೆಯೂ ಟೀಕೆಗೆ ಗುರಿಯಾಯಿತು. ಕ್ಷಯದ ರೋಗಾಣು ಹಿಡಿಯಲು ತಿಂಗಳುಗಟ್ಟಲೆ ಕಾದು, ಪ್ರತಿ ಹೆಜ್ಜೆಗೂ ಸಾಕ್ಷಿ ಇಟ್ಟಿದ್ದ ಕಾಕ್, ಮದ್ದಿನ ವಿಷಯದಲ್ಲಿ ಆ ತಾಳ್ಮೆ ತೋರಲಿಲ್ಲ. ನಂಬಿ ಬಂದವರಲ್ಲಿ ಎಷ್ಟೋ ಮಂದಿ ಆಸ್ತಿ ಮಾರಿ ಬಂದವರು. ಊರಿಗೆ ಮರಳಿದ್ದು ಅದೇ ಕೆಮ್ಮಿನೊಂದಿಗೆ.

ಎದ್ದು ನಿಂತದ್ದು

ಮನೆಯಲ್ಲೂ ಬಿರುಕು ಬಿಟ್ಟಿತು. 1893ರಲ್ಲಿ ಎಮ್ಮಿಗೆ ವಿಚ್ಛೇದನ ಕೊಟ್ಟು, ವಯಸ್ಸಿನಲ್ಲಿ ತುಂಬ ಚಿಕ್ಕವರಾದ ಹೆಡ್ವಿಗ್ ಫ್ರೈಬರ್ಗ್ ಅವರನ್ನು ಮದುವೆಯಾದರು. ಇದೂ ಊರ ಬಾಯಿಗೆ ಆಹಾರವಾಯಿತು.

ಆದರೆ ಕಾಕ್ ಕೆಲಸ ಬಿಡಲಿಲ್ಲ. 1891ರಲ್ಲೇ ಬರ್ಲಿನ್ನಿನಲ್ಲಿ ಅಂಟುರೋಗಗಳ ಸಂಸ್ಥೆಯ ಮುಖ್ಯಸ್ಥರಾಗಿದ್ದರು. 1892ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ನದಿಯ ನೀರನ್ನು ಸೋಸದೆ ಕೊಟ್ಟದ್ದೇ ಕಾರಣವೆಂದು, ಸೋಸಿದ ನೀರು ಕುಡಿದ ಪಕ್ಕದ ಆಲ್ಟೋನಾ ಪಟ್ಟಣ ಹೆಚ್ಚಿನಂಶ ಪಾರಾಗಿದೆಯೆಂದು ಎತ್ತಿ ತೋರಿಸಿದರು. ದನಗಳ ದೊಡ್ಡ ರೋಗದ ತಡೆಗೆಂದು ದಕ್ಷಿಣ ಆಫ್ರಿಕಕ್ಕೆ ಹೋದರು. 1897ರಲ್ಲಿ ಪ್ಲೇಗ್ ತನಿಖೆಗೆ ಮುಂಬಯಿಗೆ ಬಂದರು.

1901ರಲ್ಲಿ ಮತ್ತೊಮ್ಮೆ ಎಡವಿದರು. ದನದ ಕ್ಷಯ ಮನುಷ್ಯರಿಗೆ ದೊಡ್ಡ ಅಪಾಯವಲ್ಲ ಎಂದು ಲಂಡನ್ ಸಮ್ಮೇಳನದಲ್ಲಿ ಹೇಳಿದರು. ಬ್ರಿಟನ್ನಿನ ಆಯೋಗವೊಂದು ಹತ್ತು ವರ್ಷ ಪರಿಶೀಲಿಸಿ, ಕ್ಷಯ ಬಂದ ದನದ ಹಾಲಿನಿಂದ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ ರೋಗ ಬರುತ್ತದೆ ಎಂದು ಖಚಿತಪಡಿಸಿತು. ಹಾಲು ಕಾಯಿಸಿಯೇ ಕುಡಿಯಬೇಕು ಎಂಬ ಮಾತಿಗೆ ಇದೂ ಒಂದು ಆಧಾರ.

1905ರಲ್ಲಿ ಕ್ಷಯದ ಕುರಿತ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಬಂತು. 1910ರ ಮೇ 27ರಂದು ಬಾಡೆನ್-ಬಾಡೆನ್ ಎಂಬಲ್ಲಿ ಹೃದಯದ ಕಾಯಿಲೆಯಿಂದ ಕಾಕ್ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಬರ್ಲಿನ್ನಿನ ಆ ಸಂಸ್ಥೆ ಈಗ ಅವರ ಹೆಸರಿನಲ್ಲೇ ಇದೆ. ಅವರ ಚಿತಾಭಸ್ಮವೂ ಅಲ್ಲೇ ಇದೆ.

ಸೋತ ಮದ್ದು ಪರೀಕ್ಷೆಯಾಯಿತು

ಟ್ಯುಬರ್‌ಕ್ಯುಲಿನ್ ವ್ಯರ್ಥವಾಗಲಿಲ್ಲ. ಕ್ಷಯದ ರೋಗಾಣು ಮೈ ಸೇರಿದವರಿಗೆ ಅದು ಚುಚ್ಚಿದರೆ ಚರ್ಮ ಊದುತ್ತದೆ, ಉಳಿದವರಿಗೆ ಊದುವುದಿಲ್ಲ. ಆಸ್ಟ್ರಿಯದ ಪಿರ್ಕೆ 1907ರಲ್ಲಿ, ಫ್ರಾನ್ಸ್‌ನ ಮಾಂತೂ 1908ರಲ್ಲಿ ಇದನ್ನು ಪರೀಕ್ಷೆಯಾಗಿ ರೂಪಿಸಿದರು. ಮಕ್ಕಳ ಮುಂಗೈಗೆ ಚುಚ್ಚಿ, ಎರಡು ಮೂರು ದಿನ ಬಿಟ್ಟು ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳುವುದು ಇದೇ ಮಾಂತೂ ಪರೀಕ್ಷೆಗೆ.

ನಿಜವಾದ ಮದ್ದು ಬಂದದ್ದು ಕಾಕ್ ಸತ್ತು ಮೂವತ್ತು ವರ್ಷ ದಾಟಿದ ಮೇಲೆ. 1943ರಲ್ಲಿ ಅಮೆರಿಕದ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಸ್ ಮಣ್ಣಿನ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದರು. ಈ ಸಲ ಗುಟ್ಟಿಲ್ಲ, ಅವಸರವಿಲ್ಲ. ಬ್ರಿಟನ್ನಿನಲ್ಲಿ ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿ 1948ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಒಂದೇ ಮದ್ದು ಕೊಟ್ಟರೆ ರೋಗಾಣು ಅದಕ್ಕೆ ಬಗ್ಗದಂತಾಗುತ್ತದೆ ಎಂಬುದೂ ಆಗಲೇ ತಿಳಿಯಿತು. ಎರಡು ಮೂರು ಮದ್ದು ಒಟ್ಟಿಗೆ ಕೊಡುವ ಪದ್ಧತಿ ಬಂತು. ಮನೆಯಲ್ಲೇ ಇದ್ದು ಮಾತ್ರೆ ತಿಂದರೂ ಸ್ಯಾನಿಟೋರಿಯಂನಲ್ಲಿದ್ದಷ್ಟೇ ಗುಣವಾಗುತ್ತದೆ ಎಂದು ಮದರಾಸಿನಲ್ಲಿ ನಡೆದ ಅಧ್ಯಯನ 1959ರಲ್ಲಿ ಜಗತ್ತಿಗೆ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು.

ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸಾಕು. ರೋಗಾಣುವಿನ ಬೆಳವಣಿಗೆಗೆ ವಾರಗಟ್ಟಲೆ ಕಾಯಬೇಕಿಲ್ಲ. ಕಫದಲ್ಲಿ ಅದರ ಜೀನ್ ಗುರುತಿಸುವ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ, ರಿಫಾಂಪಿಸಿನ್ ಮದ್ದಿಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಹಲವು ಮದ್ದಿಗೆ ಬಗ್ಗದ ಕ್ಷಯಕ್ಕೆ ಹಿಂದೆ ಒಂದೂವರೆ ಎರಡು ವರ್ಷ ಚಿಕಿತ್ಸೆ ಬೇಕಿತ್ತು, ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಕಿವಿ ಕೇಳದಾದವರಿದ್ದಾರೆ. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಮಾತ್ರೆಗಳ ಆರು ತಿಂಗಳ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತ ಸರ್ಕಾರ 2024ರಲ್ಲಿ ಅನುಮತಿ ನೀಡಿತು.

ಊಟವೂ ಮದ್ದೇ ಎಂಬುದಕ್ಕೆ ಹತ್ತಿರದ ಸಾಕ್ಷಿ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ತಜ್ಞರ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಅಕ್ಕಿ, ಬೇಳೆಯಂಥ ಆಹಾರದ ಕಿಟ್ ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು.

ಗಡಿನಾಡಿನವರು ಒಂದು ಮಾತು ನೆನಪಿಡಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಪರೀಕ್ಷೆಯೂ ಮದ್ದೂ ಉಚಿತ. ಇದು ರಾಷ್ಟ್ರೀಯ ಕಾರ್ಯಕ್ರಮವಾದ್ದರಿಂದ ಕೂಲಿಗೆಂದೋ ಮಗಳ ಮನೆಗೆಂದೋ ರಾಜ್ಯದ ಗಡಿ ದಾಟಿ ಹೋಗುವವರು ಮೊದಲೇ ತಿಳಿಸಿದರೆ, ಹೋದ ಊರಿನಲ್ಲೂ ಚಿಕಿತ್ಸೆ ಮುಂದುವರಿಸಬಹುದು. ನಡುವೆ ಬಿಟ್ಟರೆ ಮಾತ್ರ ಅಪಾಯ. ಇನ್ನು ಗ್ಯಾರಂಟಿ ಮದ್ದು, ಗುಟ್ಟಿನ ಮದ್ದು ಎಂದು ಯಾರಾದರೂ ಬಂದರೆ, ಅದರಲ್ಲಿ ಏನಿದೆ, ಎಷ್ಟು ಮಂದಿಗೆ ಗುಣವಾಗಿದೆ, ಲೆಕ್ಕ ಎಲ್ಲಿದೆ ಎಂದು ಕೇಳಬೇಕು. ನೊಬೆಲ್ ಪಡೆದ ರಾಬರ್ಟ್ ಕಾಕ್ ಅವರಂಥವರಿಗೂ ಆ ಪ್ರಶ್ನೆ ತಪ್ಪಲಿಲ್ಲ.